ತೆಂಕಣದ ಬಾಗಿಲು

ನಾನು ಒಂದು ಬಾಗಿಲು. ಹಲಸಿನ ಮರದಿಂದಾದ ಜೋಡಿ ಕದ. ಇಂದಿನ ತೆಳುಹಲಗೆಯ ಬಾಗಿಲುಗಳಂತೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೊರಗುವ ಜಾತಿ ನನ್ನದಲ್ಲ. ವೀರಾಚಾರಿ ಎಂಬ ಬಡಗಿ ನನ್ನನ್ನು ಕಡೆದು ನಿಲ್ಲಿಸಿದಾಗ ನನ್ನ ಮೈ ಅರಿಸಿನದ ಬಣ್ಣದಲ್ಲಿತ್ತು. ಒಂದೊಂದು ಕದದ ಎದೆಯಲ್ಲೂ ಅವನು ಒಂದೊಂದು ಗಿಳಿಯನ್ನು ಕೆತ್ತಿದ. ಎಡಗದದ ಗಿಳಿಯ ಕೊಕ್ಕು ಕೊಂಚ ದಪ್ಪವಾಯಿತು. ಅದನ್ನು ತಿದ್ದುವ ಬದಲು, "ಇದು ಗಂಡು" ಎಂದು ಹೇಳಿ ಉಳಿಯನ್ನು ಕೆಳಗಿಟ್ಟ.

ನನ್ನ ಮೊದಲ ಒಡೆಯರು ತುಮಕೂರಿನ ಒಬ್ಬ ಬೆಲ್ಲದ ವ್ಯಾಪಾರಿ. ಅವರ ಮನೆಯಲ್ಲಿ ನಾನು ಪೂರ್ವಕ್ಕೆ ಮುಖಮಾಡಿ ನಿಂತಿದ್ದೆ. ಪ್ರತಿ ಶುಕ್ರವಾರ ಹೊಸ್ತಿಲಿಗೆ ಅರಿಸಿನ, ಹಬ್ಬಕ್ಕೆ ಮಾವಿನ ತೋರಣ, ಮೂರು ಹೊತ್ತೂ ಬೆಲ್ಲದ ವಾಸನೆ. ಇರುವೆಗಳೂ ನನ್ನನ್ನು ಗೌರವದಿಂದ ಕಂಡವು. ಕಾಲಾನಂತರದಲ್ಲಿ ಆ ಮನೆಯನ್ನು ಕೆಡವಿ ಅಂಗಡಿಗಳ ಸಾಲು ಕಟ್ಟಿದರು. ಅಂಗಡಿಗಳಿಗೆ ಕಬ್ಬಿಣದ ಷಟರು ಸಾಕು. ನನ್ನನ್ನು ಹಳೆಯ ಮರ ಮಾರುವವನ ಅಂಗಳಕ್ಕೆ ಸಾಗಿಸಿದರು. ಅಲ್ಲಿ ಕಿಟಕಿ ಚೌಕಟ್ಟುಗಳ ನಡುವೆ ಒರಗಿ ನಿಂತಾಗ ನನಗೊಂದು ಸತ್ಯ ಗೋಚರಿಸಿತು: ಗೋಡೆಯಿಲ್ಲದ ಬಾಗಿಲು ಬರಿಯ ಹಲಗೆ.

ಅಲ್ಲಿಗೆ ಬಂದವರು ಸರ್ವಮಂಗಳಮ್ಮನವರು. ಕೊರಳಲ್ಲಿ ಹೊಲಿಗೆಯ ಅಳತೆ ಟೇಪು, ಕೈಯಲ್ಲಿ ಬಟ್ಟೆಯ ಚೀಲ. ಆಕೆ ನನ್ನನ್ನು ಮೇಲಿಂದ ಕೆಳಗೆ ಅಳೆದು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು.

"ಹಲಸು ಕಣಮ್ಮಾ ಇದು. ಕಬ್ಬಿಣ ಇದ್ದಂಗೈತೆ," ಎಂದ ಅಂಗಡಿಯವನು.

"ಕಬ್ಬಿಣ ಆದ್ರೆ ತೂಕಕ್ಕೆ ಹಾಕಪ್ಪ, ಹಳೇ ಕಬ್ಬಿಣದ ರೇಟಿಗೇ ತಗೊಂಡೋಗ್ತೀನಿ."

ಅವನು ಸೋತು ನಕ್ಕ. ನಾನು ಒಂದು ಕೈಗಾಡಿಯ ಮೇಲೆ ಮಲಗಿ, ಆಕಾಶವನ್ನು ನೋಡುತ್ತಾ, ಹೊಸ ಮನೆಗೆ ಹೊರಟೆ.

ಸರ್ವಮಂಗಳಮ್ಮನವರು ಮೊದಲು ಹೊಲಿಗೆಯ ಅಂಗಡಿ ಇಟ್ಟಿದ್ದವರು. ಹಳೆಯ ರೇಷ್ಮೆ ಸೀರೆಯನ್ನು ಬಿಚ್ಚಿ ಮೊಮ್ಮಗಳ ಲಂಗ ಮಾಡಿಕೊಡುವುದರಲ್ಲಿ ಹೆಸರಾಗಿದ್ದರು. ಒಮ್ಮೆ ಮುರುಕು ಮನೆಯೊಂದನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಟ್ಟರು. ಬಾಡಿಗೆಗಿಂತಲೂ ಅವರಿಗೆ ರುಚಿಸಿದ್ದು ಆ ದುರಸ್ತಿ. "ಮನೇನೂ ಸೀರೇನೇ ಕಣ್ರೀ. ಎಲ್ಲಿ ಹರಿದೈತೆ ನೋಡ್ಬೇಕು, ಎಲ್ಲಿ ಗಟ್ಟಿ ಐತೆ ನೋಡ್ಬೇಕು," ಎನ್ನುತ್ತಿದ್ದರು. ಎರಡನೆಯ ಮನೆ ಕೊಳ್ಳಲು ಹೊಲಿಗೆ ಅಂಗಡಿಯನ್ನೇ ಮಾರಿಬಿಟ್ಟರು. ನಾನು ಬಂದದ್ದು ಆ ಎರಡನೆಯ ಮನೆಗೆ.

ಆ ಮನೆ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಬೀದಿ ಇದ್ದದ್ದು ದಕ್ಷಿಣಕ್ಕೆ, ಬಾಗಿಲೂ ದಕ್ಷಿಣಕ್ಕೆ. ಹಿಂದೆ ಮತ್ತು ಪಶ್ಚಿಮಕ್ಕೆ ಪರರ ಗೋಡೆ. ಪೂರ್ವಕ್ಕೆ ಒಬ್ಬರು ನಡೆಯುವಷ್ಟು ಅಗಲದ ಒಂದು ಸಂದಿ. ದಕ್ಷಿಣವೆಂದರೆ ಯಮನ ದಿಕ್ಕೆಂದು ಕೊಳ್ಳುವವರು ಹಿಂಜರಿದಿದ್ದರು. ಸರ್ವಮಂಗಳಮ್ಮನವರ ಲೆಕ್ಕಾಚಾರ ಬೇರೆ: "ಕೊಳ್ಳೋರಿಗೆ ದಿಕ್ಕು ಬೇಕು. ಬಾಡಿಗೆಗೆ ಬರೋರಿಗೆ ನೀರು ಬೇಕು."

ಅವರ ಪತಿ ಪಂಚಾಕ್ಷರಯ್ಯನವರು ನಿವೃತ್ತ ಬಸ್ ಕಂಡಕ್ಟರು. ಮೆತ್ತಗಿನ ಸ್ವಭಾವದವರು, ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗದವರು. ದಂಪತಿಗಳು ವಾಸವಿದ್ದದ್ದು ಪಕ್ಕದ ಬೀದಿಯಲ್ಲಿ, ಪಂಚಾಕ್ಷರಯ್ಯನವರೇ ಆಸೆಪಟ್ಟು ಕಟ್ಟಿಸಿದ ಮೂಡಲ ಬಾಗಿಲ ಮನೆಯಲ್ಲಿ. ನನ್ನನ್ನು ಚೌಕಟ್ಟಿಗೆ ಸೇರಿಸಿದ ದಿನ ನನ್ನೆದುರಿನಲ್ಲೇ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಯುಗಾದಿಯೊಳಗೆ ಈ ಮನೆಯಲ್ಲಿ ಒಲೆ ಹೊತ್ತದಿದ್ದರೆ, ಬಂದ ಬೆಲೆಗೆ ಅದನ್ನು ಮಾರಿ, ಹಣವನ್ನು ಬ್ಯಾಂಕಿನಲ್ಲಿಟ್ಟು, ಮನೆಗಳ ಗೊಡವೆಯನ್ನೇ ಬಿಟ್ಟುಬಿಡುವುದು. ಸರ್ವಮಂಗಳಮ್ಮನವರು ಒಪ್ಪಿದರು. ಒಪ್ಪಿದ ಮೇಲೆ ನನ್ನ ಚಿಲಕವನ್ನು ಸುಮ್ಮನೆ ಎರಡು ಸಲ ಹಾಕಿ ತೆಗೆದರು. ಅವರ ಬೆರಳುಗಳು ತಣ್ಣಗಿದ್ದವು.

ಮೇಸ್ತ್ರಿ ಕೆಂಪಣ್ಣ ದುರಸ್ತಿಗೆ ನಿಂತ. ಹೊಗೆ ಹಿಡಿದ ಅಡುಗೆಮನೆ ಬೆಳಗಿತು. ಮೇಲೆ ನೀರಿನ ತೊಟ್ಟಿ ಏರಿತು. ಮುಂದಿನ ಜಗಲಿಗೆ ಕೆಂಪು ಗಾರೆ ಬಂತು. ನನಗೆ ಎಣ್ಣೆ ಹಚ್ಚಿದರು. ಬಾಡಿಗೆಗಿದೆ ಎಂಬ ಫಲಕವನ್ನು ಹೆಣ್ಣುಗಿಳಿಯ ಮೂಗಿನ ಮೇಲೆಯೇ ತೂಗುಹಾಕಿದರು.

ಜನ ಬಂದರು. ಕೊಳಾಯಿ ತಿರುಗಿಸಿ ಮೆಚ್ಚಿದರು, ಅಡುಗೆ ಕಟ್ಟೆಯನ್ನು ಸವರಿ ಮೆಚ್ಚಿದರು. ಹೊರಬಂದು ಮೊಬೈಲು ತೆಗೆದು ದಿಕ್ಕು ನೋಡಿದರು, ಮೆಚ್ಚುಗೆ ಅಲ್ಲಿಗೆ ನಿಂತಿತು.

"ಮನೆ ಚಿನ್ನದಂಥಾದ್ದು ಬಿಡ್ರಮ್ಮ. ಆದ್ರೆ ಬಾಗ್ಲು ಯಮನ ಕಡೆ ನೋಡ್ತೈತಲ್ಲ," ಎಂದರು ಒಬ್ಬ ಹಿರಿಯರು.

"ಅವನು ಬಂದ್ರೂ ಅಡ್ವಾನ್ಸ್ ಇಲ್ದೆ ಒಳಗೆ ಬಿಡಲ್ಲ, ಬನ್ನಿ ಸ್ವಾಮಿ," ಎಂದರು ಸರ್ವಮಂಗಳಮ್ಮ.

ಹಿರಿಯರು ನಕ್ಕರು. ನಗುತ್ತಲೇ ಹೊರಟುಹೋದರು.

ಸಂಕ್ರಾಂತಿ ಕಳೆಯಿತು. ಆಗ ಕೆಂಪಣ್ಣನೇ ಉಪಾಯ ಹೇಳಿದ: "ಮಂಗಳಮ್ಮಾರೇ, ಈ ಬಾಗ್ಲು ಕಿತ್ತು ಸಂದಿ ಕಡೆ ಇಡಾಣ. ಪೂರ್ವ ಆಯ್ತು. ಇಲ್ಲಿ ಗೋಡೆ ಕಟ್ಟಿ ಒಂದು ಕಿಟಕಿ ಬಿಟ್ರೆ ಯಮ ಇಣುಕಿ ನೋಡಿ ವಾಪಸ್ ಹೋಗ್ತಾನೆ."

ಹೀಗೆ ನಾನು ಮತ್ತೆ ಪೂರ್ವಾಭಿಮುಖನಾದೆ. ಎದುರಿಗೆ ಸೂರ್ಯನಿರಲಿಲ್ಲ, ಪಕ್ಕದ ಮನೆಯ ಪಾಚಿ ಹಿಡಿದ ಗೋಡೆಯಿತ್ತು. ಆದರೂ ಫಲಕದಲ್ಲಿ 'ಪೂರ್ವದ ಬಾಗಿಲು' ಎಂದು ಸೇರಿಸಿದ ವಾರದಲ್ಲೇ ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆಯನ್ನು ಒಪ್ಪಿತು. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಲು ಬಂದರು. ಮದುಮಗಳೂ ಅವಳ ತಾಯಿಯೂ ಒಳಗೆ ಒಲೆಯ ಮೇಲೆ ಹಾಲಿಟ್ಟರು. ಹೊರಗೆ ಅಳಿಯ, ಕೂಲಿಯವರು, ಹಾಗೂ ತವರಿನವರು ಕೊಟ್ಟ ಕಬ್ಬಿಣದ ಬೀರು.

ಬೀರು ಸಂದಿಯೊಳಗೆ ಬಂದಿತು. ನನ್ನೆದುರಿಗೆ ಬಂದು ತಿರುಗಬೇಕಾಯಿತು. ತಿರುಗುವುದಕ್ಕೆ ಅಲ್ಲಿ ಜಾಗವೆಲ್ಲಿದೆ? ಪಂಚಾಕ್ಷರಯ್ಯನವರು ತಮ್ಮ ಹಳೆಯ ಉದ್ಯೋಗವನ್ನು ನೆನೆದು ಮುಂದೆ ಬಂದರು.

"ಬಲಕ್ಕೆ ಒತ್ತು, ಒತ್ತು... ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"

ಬೀರು ಕೊನೆಯ ಮಾತೊಂದನ್ನು ಮಾತ್ರ ಪಾಲಿಸಿತು. ಒಂದು ಮೂಲೆ ಪಕ್ಕದ ಗೋಡೆಗೆ, ಇನ್ನೊಂದು ಮೂಲೆ ನನ್ನ ಗಂಡುಗಿಳಿಯ ಬಾಲಕ್ಕೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಮನೆಗಿದ್ದ ಬಾಗಿಲು ನಾನೊಬ್ಬನೇ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

"ಅಳಿಯಂದ್ರೇ, ಹಾಲು ಉಕ್ತಾ ಐತೆ! ಬನ್ನಿ ಒಳಗೆ!"

"ಎಲ್ಲಿಂದ ಬರ್ಲಿ ಅತ್ತೆ? ನಿಮ್ಮ ಬೀರೇ ಅಡ್ಡ ನಿಂತೈತೆ!"

"ನಮ್ಮ ಬೀರು ಅನ್ಬೇಡಿ, ಕೊಟ್ಟಾಯ್ತು!"

"ಹಾಲು ಯಾವ ಕಡೆ ಉಕ್ತಮ್ಮಾ?" ಎಂದು ಕಳವಳದಿಂದ ಕೂಗಿದರು ಪಂಚಾಕ್ಷರಯ್ಯ.

"ಎಲ್ಲಾ ಕಡೆಗೂ!" ಎಂದಳು ಮದುಮಗಳು.

ಕೊನೆಗೆ ಕೆಂಪಣ್ಣನನ್ನು ಕರೆಸಿ, ಕಿಟಕಿಯ ಸರಳು ಕಳಚಿ ಅವನನ್ನು ಒಳಕ್ಕೆ ತೂರಿಸಿ, ನನ್ನ ಕದಗಳನ್ನು ಬಿಚ್ಚಿಸಿ ಬೀರುವನ್ನು ಬಿಡಿಸಿ, ಕದಗಳನ್ನು ಮತ್ತೆ ಕೂರಿಸಿದರು. ಗಿಳಿಯ ಬಾಲ ಅರ್ಧ ಹೋಯಿತು. ಹುಡುಗಿಯ ತಾಯಿ ಸೆರಗು ಕೊಡವಿಕೊಂಡು ಹೊರಗೆ ಬಂದು, "ಬೀರು ಹಿಡಿಸದ ಮನೆಗೆ ಲಕ್ಷ್ಮಿ ಹೆಂಗಮ್ಮ ಬರ್ತಾಳೆ?" ಎಂದರು. ಸರ್ವಮಂಗಳಮ್ಮನವರು ಮುಂಗಡವನ್ನು ಹಿಂದಿರುಗಿಸಿ, ಎಲ್ಲರಿಗೂ ಕಾಫಿ ತರಿಸಿಕೊಟ್ಟು ಕಳುಹಿಸಿದರು.

ಆ ಸಂಜೆ ಆಕೆ ನನ್ನ ಹೊಸ್ತಿಲ ಮೇಲೆ ಕುಳಿತರು. ಬೀದಿಯಲ್ಲಿ ಹೋಳಿಯ ತಮಟೆ ಕೇಳಿಸುತ್ತಿತ್ತು. ಯುಗಾದಿ ಬಾಗಿಲಿಗೆ ಬಂದಿತ್ತು, ಬಾಡಿಗೆದಾರರು ಬಂದಿರಲಿಲ್ಲ.

"ರವಿಕೆ ಚೆನ್ನಾಗೇ ಹೊಲಿದೆ ಕಣ್ರೀ. ಕೈ ತೂರಿಸೋಕೆ ಜಾಗ ಬಿಡೋದೇ ಮರೆತೆ," ಎಂದರು. ನಗಲು ನೋಡಿದರು, ಆಗಲಿಲ್ಲ. "ಮಾತು ಅಂದ್ರೆ ಮಾತು. ಮಾರಿಬಿಡೋಣ."

ಪಂಚಾಕ್ಷರಯ್ಯನವರು ಪಕ್ಕದಲ್ಲೇ ನಿಂತಿದ್ದರು. ನನ್ನ ಮುರಿದ ಗಿಳಿಯನ್ನು ಬೆರಳಿನಿಂದ ಸವರುತ್ತಿದ್ದರು.

"ಒಲೆ ಹೊತ್ತಬೇಕು ಅಂತ ತಾನೆ ಮಾತಾಗಿದ್ದು, ಮಂಗಳಾ? ಯಾರ ಒಲೆ ಅಂತ ಆಗಿರ್ಲಿಲ್ಲವಲ್ಲ."

"ಅಂದ್ರೆ?"

"ಬಾಗ್ಲು ಮೊದಲಿದ್ದ ಕಡೆ ಇಡಿಸು. ಇಲ್ಲಿಗೆ ನಾವೇ ಬರೋಣ. ನಮ್ಮ ಮೂಡ್ಲ ಬಾಗ್ಲು ಮನೇನ ಬಾಡಿಗೆಗೆ ಕೊಡು. ಅದಕ್ಕೆ ಜನ ಕ್ಯೂ ನಿಲ್ತಾರೆ."

"ನೀವು ಕಟ್ಟಿಸಿದ ಮನೆ ಕಣ್ರೀ ಅದು. ಅಲ್ದೆ, ದಕ್ಷಿಣ ಅಂದ್ರೆ ಹೆದರ್ತಿದ್ರಲ್ಲ ನೀವು?"

"ಈಗಲೂ ಹೆದರ್ತೀನಿ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇಡೀ ಸರ್ವಿಸೆಲ್ಲ ಬಸ್ಸಿನ ಬಾಗ್ಲಲ್ಲೇ ನಿಂತು ಅನ್ನ ತಿಂದೋನು ನಾನು. ಆ ಬಾಗ್ಲು ದಿನಕ್ಕೆ ಎಷ್ಟು ದಿಕ್ಕಿಗೆ ತಿರುಗ್ತಿತ್ತೋ, ಶಿವನೇ ಬಲ್ಲ." ಹಾಗೆಯೇ ಸೇರಿಸಿದರು: "ಇನ್ನೂ ಒಂದು ಐತೆ. ನೀನು ಮನೆ ರಿಪೇರಿ ಬಿಟ್ರೆ ನನ್ನ ರಿಪೇರಿ ಶುರು ಮಾಡ್ತೀಯ. ನನಗೆ ಯಮನಿಗಿಂತ ಅದರ ಭಯ ಜಾಸ್ತಿ."

ಸರ್ವಮಂಗಳಮ್ಮನವರು ನಕ್ಕರು. ಅವರ ಬೆನ್ನು ನನಗೆ ಒರಗಿತ್ತು. ಆ ನಗೆಗೆ ನನ್ನ ಕೀಲುಗಳೂ ಕಿರುಗುಟ್ಟಿದವು.

ಕೆಂಪಣ್ಣ ತಾನು ಕಟ್ಟಿದ ಗೋಡೆಯನ್ನು ತಾನೇ ಒಡೆದ. ನಾನು ಬೀದಿಯ ಕಡೆಗೆ ಮರಳಿದೆ. ಮೂಡಲ ಬಾಗಿಲ ಮನೆಗೆ ಫಲಕ ತೂಗುಹಾಕಿದ ದಿನವೇ ಬಾಡಿಗೆದಾರರು ದೊರೆತರು. ಯುಗಾದಿಯ ಮುನ್ನಾ ದಿನ ಇಲ್ಲಿ ಹಾಲು ಉಕ್ಕಿತು. ದಂಪತಿಗಳ ಹಳೆಯ ಬೀರು ನನ್ನ ಎರಡು ಕದಗಳ ನಡುವೆ ರಾಜಗಾಂಭೀರ್ಯದಿಂದ ಒಳಗೆ ನಡೆದುಹೋಯಿತು. ಮರುದಿನ ಬೆಳಿಗ್ಗೆ ಪಂಚಾಕ್ಷರಯ್ಯನವರು ವಿಭೂತಿ ಧರಿಸಿ ಹೊಸ್ತಿಲಲ್ಲಿ ನಿಂತು, ಬೀದಿಯ ಎರಡೂ ಕಡೆ ನೋಡಿ, ಬಲಗಾಲನ್ನು ಹೊರಗಿಟ್ಟರು. ಯಾರೂ ಕಾದುನಿಂತಿರಲಿಲ್ಲ. ಹಾಲಿನವನು ಮಾತ್ರ ಬಂದಿದ್ದ.

ಚಳಿಗಾಲ ಬಂದಾಗ ನನ್ನ ದಿಕ್ಕಿನ ಗುಣ ತಿಳಿಯಿತು. ಸೂರ್ಯ ತೆಂಕಣಕ್ಕೆ ವಾಲಿ, ಬೆಳಗಿನಿಂದ ಸಂಜೆಯವರೆಗೂ ನಮ್ಮ ಜಗಲಿಯ ಮೇಲೆಯೇ ಕುಳಿತ. ಮೂಡಲ ಬಾಗಿಲ ಮನೆಗಳವರೆಲ್ಲ ನಡುಗುತ್ತಾ ನಮ್ಮಲ್ಲಿಗೆ ಬಂದು ಕಾಲು ಚಾಚಿದರು. ಸರ್ವಮಂಗಳಮ್ಮನವರು ಮೂರನೆಯ ಮನೆ ಕೊಂಡರು, ಅದೂ ದಕ್ಷಿಣದ್ದೇ. ಬಾಡಿಗೆಗೆ ನೋಡಲು ಬಂದವರನ್ನು ಮೊದಲು ನಮ್ಮ ಜಗಲಿಯ ಬಿಸಿಲಲ್ಲಿ ಕೂರಿಸಿ ಕಾಫಿ ಕೊಟ್ಟು, ಅನಂತರ ಆ ಮನೆಗೆ ಕರೆದೊಯ್ದರು.

ಈಗ ನನಗೆ ವಯಸ್ಸಾಗಿದೆ. ಅರಿಸಿನದ ಬಣ್ಣ ಕಂದಿ ಕಾಫಿಬೀಜದಂತಾಗಿದ್ದೇನೆ. ಪೂರ್ವಕ್ಕೆ ನಿಂತೆ, ಮರದ ಅಂಗಡಿಯಲ್ಲಿ ಯಾವ ದಿಕ್ಕಿಗೂ ಇಲ್ಲದೆ ನಿಂತೆ, ದಕ್ಷಿಣಕ್ಕೆ ನಿಂತೆ. ಬಾಗಿಲಿನ ಯೋಗ್ಯತೆ ಅದು ನೋಡುವ ದಿಕ್ಕಿನಲ್ಲಿಲ್ಲ, ಅದರ ಬಳಿ ಕುಳಿತುಕೊಳ್ಳುವವರಲ್ಲಿದೆ ಎಂಬುದು ನನ್ನ ಅನುಭವ.

ಮೊನ್ನೆ ಬ್ಯಾಂಕಿಗೆ ವರ್ಗವಾಗಿ ಬಂದ ಒಬ್ಬರು ಜಗಲಿಯ ಬಳಿ ನಿಂತು, "ಯಜಮಾನ್ರೇ, ಇಂಥ ಬಿಸಿಲು ಬರೋ ಮನೆ ಈ ಊರಲ್ಲೇ ನೋಡ್ಲಿಲ್ಲ. ಇದು ಬಾಡಿಗೆಗೆ ಸಿಗುತ್ತಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ, ಇದು ಕೊಡೋದಲ್ಲ," ಎಂದರು ಪಂಚಾಕ್ಷರಯ್ಯ.

ಅಡುಗೆಮನೆಯಿಂದ ಸರ್ವಮಂಗಳಮ್ಮನವರ ದನಿ ತೇಲಿ ಬಂತು: "ಎಷ್ಟು ಕೊಡ್ತಾರಂತೆ, ಕೇಳಿ ನೋಡ್ರೀ!"

ಪಂಚಾಕ್ಷರಯ್ಯನವರು ಎದ್ದರು. ಬಂದವರಿಗೆ ಕೈಮುಗಿದರು. ಒಳಗೆ ಬಂದು, ಮೆಲ್ಲನೆ ನನ್ನ ಎರಡೂ ಕದಗಳನ್ನು ಹತ್ತಿರಕ್ಕೆ ಎಳೆದು, ಅಗಳಿ ಹಾಕಿ, ಅದಕ್ಕೆ ಬೆನ್ನುಕೊಟ್ಟು ನಿಂತರು. ಹಾಡುಹಗಲಿನಲ್ಲಿ ಅವರು ನನ್ನನ್ನು ಮುಚ್ಚಿದ್ದು ಅದೊಂದೇ ಸಲ.