ಎಡ ಆರು

"ನಿನ್ನ ಕಣ್ಣು ಗುರಿ ನೋಡೋಕಲ್ಲ ಕಣೋ, ಪಕ್ಕದ ಮನೆ ಕಿಟಕಿ ನೋಡೋಕೆ ಲಾಯಕ್ಕು!"

ಕೋಚ್ ಇದನ್ನು ಹೇಳಿದ್ದು ಕ್ರೀಡಾಗ್ರಾಮದ ಊಟದ ಕೋಣೆಯಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ, ಇಡೀ ತಂಡದ ಎದುರು. ಎಲ್ಲರೂ ನಕ್ಕರು. ನಗದೇ ಇದ್ದವರು ಬೈಸಿಕೊಂಡವನ ಭಾವ ಒಬ್ಬರೇ. ಅವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು, ಸವರಿದ ಕಡೆಗೇ ಮತ್ತೆ ಸವರುತ್ತಿದ್ದರು.

ಬೈಸಿಕೊಂಡವನಿಗೆ ತಂಡದಲ್ಲಿ ಲೇತು ಅಂತ ಹೆಸರು. ಹತ್ತನೇ ಕ್ಲಾಸು ಮುಗಿಸದೆ ಲೇತ್ ಮಷೀನಿನ ಮುಂದೆ ನಿಂತವನು. ಕಬ್ಬಿಣ ಕೂದಲೆಳೆಯಷ್ಟು ದಪ್ಪ ಉಳಿದಿದ್ದರೂ ಬೆರಳಲ್ಲಿ ಸವರಿಯೇ ಹೇಳಿಬಿಡುತ್ತಿದ್ದ. ಆ ಬೆರಳನ್ನು ನೋಡಿಯೇ ಅಕ್ಕನ ಗಂಡ ಅವನ ಕೈಗೆ ರೈಫಲ್ ಕೊಟ್ಟಿದ್ದು. ಎಂಟು ವರ್ಷದಿಂದ ಇಬ್ಬರೂ ಜೋಡಿ. ಭಾವ ದುರ್ಬೀನಿಗೆ ಕಣ್ಣಿಟ್ಟು ಗಾಳಿ ಓದಿ ಹೇಳಬೇಕು, ಲೇತು ರೈಫಲ್ ಮೇಲಿನ ಡಯಲ್ ಅಷ್ಟು ತಿರುಗಿಸಿ ಗುಂಡು ಬಿಡಬೇಕು; ಒಂದೊಂದು ಅಂಕೆಗೂ ನಾಲ್ಕು ಟಿಕ್ಕು. ಗಾಳಿ ಎಡದಿಂದ ಬಂದರೆ ಡಯಲ್ ಎಡಕ್ಕೆ, ಬಲದಿಂದ ಬಂದರೆ ಬಲಕ್ಕೆ. ಹೊಡೆಯುವವನು ಗಾಳಿ ತೋರುವ ಬಾವುಟ ನೋಡಬಾರದು, ಯಾಕೆ ಏನು ಅಂತ ಕೇಳಬಾರದು. ಮೊದಲ ದಿನವೇ ಭಾವ ಹಾಕಿದ್ದ ಕಟ್ಟು ಅದು: "ಕಣ್ಣು ಗುರಿ ಮೇಲಿರ್ಲಿ, ಕಿವಿ ನನ್ನ ಮೇಲಿರ್ಲಿ. ಮಿಕ್ಕಿದ್ದು ನಿನಗ್ಯಾಕೆ?"

ನಿನ್ನೆ ಸಾವಿರ ಗಜದ ಜೋಡಿ ಸ್ಪರ್ಧೆ. ಬೆಳಗಿನಿಂದ ಎಡಗಾಳಿ. ಎಡ ಮೂರು, ಎಡ ಐದು, ಎಡ ನಾಲ್ಕು ಅಂತ ಭಾವ ಹೇಳುತ್ತಲೇ ಇದ್ದರು. ಕೊನೆಯ ಗುಂಡಿನ ಹೊತ್ತಿಗೆ ಕಂಚು ಕೈಗೆ ಬಂದ ಹಾಗೇ ಇತ್ತು. "ಎಡ ಆರು" ಅಂದರು. ಲೇತು ತಿರುಗಿಸಿದ, ಉಸಿರು ಹಿಡಿದ, ಬಿಟ್ಟ.

ಗುಂಡು ತಗುಲಿದ ಗುರಿಯನ್ನು ಆ ತುದಿಯ ಹಳ್ಳದಲ್ಲಿ ಕೂತವರು ಕೆಳಗಿಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ, ಮೇಲಕ್ಕೆತ್ತುತ್ತಾರೆ. ಹದಿಮೂರನೆಯದು ಇವರದು. ಅದು ಅಲ್ಲಾಡಲೇ ಇಲ್ಲ. ಎಡಗಡೆಯ ಹನ್ನೆರಡನೆಯದು ಇಳಿದು ಎರಡು ಬಿಲ್ಲೆ ಹೊತ್ತುಕೊಂಡು ಎದ್ದಿತು. ಒಂದು ಅಂಚಿನಲ್ಲಿ, ಇನ್ನೊಂದು ನಟ್ಟನಡುವೆ. ನಟ್ಟನಡುವಿನದು ಲೇತುವಿನದು. ಎರಡು ತೂತಾದರೆ ಹೆಚ್ಚಿನದನ್ನು ಆ ಗುರಿಯವನಿಗೆ ಬರೆಯಬೇಕು ಅಂತ ನಿಯಮ. ಇವರಿಗೆ ಸೊನ್ನೆ, ಅವರಿಗೆ ಐದು. ಕಂಚು ಒಂದೇ ಅಂಕದಲ್ಲಿ ಪಕ್ಕದವರ ಪಾಲಾಯಿತು. ಆ ಜೋಡಿಯವನೊಬ್ಬ ಬಂದು ಲೇತುವಿನ ಕೈ ಕುಲುಕಿ, ಒಂದು ಚಾಕೊಲೇಟ್ ಬೇರೆ ಕೊಟ್ಟು ಹೋದ.

ಆಗ ಲೇತು ತಲೆಯೆತ್ತಿ ಬಾವುಟ ನೋಡಿದ. ಸಾಲಿಗೆ ಸಾಲೇ ಎಡಕ್ಕೆ ಹಾರುತ್ತಿತ್ತು. ಗಾಳಿ ತಿರುಗಿ ಬಲದಿಂದ ಬೀಸುತ್ತಿತ್ತು! ಭಾವನ ಕಣ್ಣು ನೋಡಿದ್ದು ಬಲವನ್ನೇ. ಬೆಳಗಿನಿಂದ ಎಡ ಎಡ ಅಂದು ಪಳಗಿದ ನಾಲಿಗೆ ಮಾತ್ರ ಎಡ ಅಂದುಬಿಟ್ಟಿತ್ತು. ಡಯಲ್ ಎಡಕ್ಕೆ ಆರು ಒಯ್ದಿತು, ಗಾಳಿ ಇನ್ನೂ ಆರು ತಳ್ಳಿತು. ಸಾವಿರ ಗಜದಾಚೆ ಅದು ಮೂರು ಮೀಟರಿಗೂ ತುಸು ಹೆಚ್ಚು. ಒಂದು ಗುರಿಗೂ ಇನ್ನೊಂದಕ್ಕೂ ಇರುವ ದೂರವೂ ಸರಿಯಾಗಿ ಅಷ್ಟೇ.

ಭಾವ "ಛೆ" ಅಂದರು, ಅಷ್ಟೇ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತರು. ರೂಮಿನಲ್ಲಿ ಕಾಲುಚೀಲ ಒಗೆದು ಒಣಹಾಕಿದರು. ಬಾಯಿ ತಪ್ಪಿತು ಅನ್ನುವ ಎರಡು ಪದಕ್ಕೆ ಲೇತು ಕಾದೇ ಕಾದ. ತಾನಾಗಿ ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಅದು ಹೇಳಬೇಕಾದವರ ಬಾಯಿಂದಲೇ ಬರಬೇಕಾದ ಮಾತು.

"ನಾನು ಗುರಿ ನಂಬರ್ ಸರಿಯಾಗೇ ನೋಡಿದ್ದೆ ಸಾರ್," ಎಂದಷ್ಟೇ ಈಗ ಕೋಚ್‌ಗೆ ಹೇಳಿದ.

"ಹೌದಪ್ಪ, ಗುರಿಯೇ ಎದ್ದು ಪಕ್ಕಕ್ಕೆ ಹೋಗಿ ನಿಂತ್ಕೊಂಡಿತ್ತು!" ಕೋಚ್ ಲೋಟ ಕುಕ್ಕಿದರು. "ನೋಡು, ನಾಳೆ ಒಂಟಿ ಸ್ಪರ್ಧೆಗೆ ಇರೋದು ಒಂದೇ ಜಾಗ. ಮಧ್ಯಾಹ್ನದೊಳಗೆ ಹೆಸರು ಕೊಡ್ಬೇಕು. ಹನ್ನೊಂದಕ್ಕೆ ಬಂದು ನಿನ್ನ ಡಯಲ್ ನಾನೇ ನೋಡ್ತೀನಿ. ಅದು ಗಾಳಿಗೆ ಉಲ್ಟಾ ತಿರುಗಿದ್ರೆ ತಪ್ಪು ನಿನ್ನ ಕಣ್ಣಿಂದಲ್ಲ, ಸರಿ. ಇಲ್ದಿದ್ರೆ ಪಕ್ಕದ್ಮನೆಯವರು ಮನೆಗೆ ಹೋಗ್ಬಹುದು."

ಮತ್ತೆ ನಗು. ಲೇತುವಿನ ಹೆಸರು ಅಲ್ಲಿಗೆ ಬದಲಾಯಿತು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ರೈಫಲ್ ಕೋಣೆಗೆ ಹೋದ. ಕಾವಲಿನವನು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ತಳ್ಳಿದ. ನಿನ್ನೆ ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮೂಲೆಯ ಮೇಜಿನ ಮೇಲಿಟ್ಟು ಚಿಲಕ ತೆಗೆದ. ಎಣ್ಣೆಯ ವಾಸನೆ ಎದ್ದಿತು. ಡಯಲ್ ನಿನ್ನೆ ನಿಂತಲ್ಲೇ ನಿಂತಿತ್ತು. ಎಡ ಆರು.

"ಲೋ," ಅಂತ ಹಿಂದಿನಿಂದ ಭಾವನ ದನಿ. "ಒಂದ್ಮಾತು."

"ಹೇಳಿ ಭಾವ."

ಭಾವ ಕಾವಲಿನವನ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು. "ಅದನ್ನ ಸೊನ್ನೆಗೆ ತಂದ್ಬಿಡೋ. ಇಪ್ಪತ್ನಾಲ್ಕು ಟಿಕ್ಕು. ಕ್ಲೀನ್ ಮಾಡುವಾಗ ತಿರುಗ್ತು ಅಂದ್ರಾಯ್ತು."

"ಹಾಗಾದ್ರೆ ನಿಮಗೆ ಗೊತ್ತಿತ್ತು."

"ಬಾಯಿಂದ ಬಿದ್ದ ಕೂಡ್ಲೇ ಗೊತ್ತಾಯ್ತು. ತಡಿ ಅನ್ನೋಷ್ಟರಲ್ಲಿ ನೀನು ಬಿಟ್ಟೇಬಿಟ್ಟಿದ್ದೆ. ನೀನು ಒಂದು ಚೂರು ಸೋಮಾರಿ ಆಗಿದ್ದಿದ್ರೆ ಕಂಚು ಬರ್ತಿತ್ತು ನೋಡು." ನಗಲು ನೋಡಿದರು, ಆಗಲಿಲ್ಲ. "ನಿನಗೆ ಇಪ್ಪತ್ತಾರು. ಇನ್ನೂ ಎರಡು ಮೂರು ಸಲ ಬರ್ತೀಯ. ನಂದು ಇದೇ ಕಡೇದು. ಮುಂದಿನ ತಿಂಗಳಿಂದ ಹುಡುಗರಿಗೆ ಗಾಳಿ ಪಾಠ ಹೇಳೋ ಕೆಲಸ ಕೊಡ್ತೀನಿ ಅಂದಿದ್ದಾರೆ ಕೋಚು. ಎಡ ಯಾವ್ದು ಬಲ ಯಾವ್ದು ಗೊತ್ತಿಲ್ದೋನ ಹತ್ರ ಯಾರು ಪಾಠ ಕೇಳ್ತಾರೆ? ಕೆಲಸ ಆಯ್ತು ಅಂತ ನಿಮ್ಮಕ್ಕನಿಗೆ ಹೇಳಿಬಿಟ್ಟಿದ್ದೀನಿ ಕಣೋ."

ನಿನ್ನೆಯಿಂದ ಲೇತುವಿನ ಎದೆಯಲ್ಲಿ ಕುದಿಯುತ್ತಿದ್ದದ್ದು ಈಗ ಉಕ್ಕಬೇಕಿತ್ತು. ಉಕ್ಕಲಿಲ್ಲ. ಎರಡು ಪಾಳಿ ಒಟ್ಟಿಗೆ ನಿಂತು ಮುಗಿಸಿದಾಗ ಮಂಡಿಯಲ್ಲಿ ಇಳಿಯುವ ಸುಸ್ತು ಮೈಗೆಲ್ಲ ಇಳಿಯಿತು. ಹೇಳುವುದಕ್ಕೆ ಬೇಕಾದಷ್ಟಿತ್ತು. ಅಷ್ಟನ್ನೂ ನಾಲಿಗೆಗೆ ಎತ್ತಿ ತರುವವರು ಯಾರು?

"ಸೊನ್ನೆಗೆ ತಾರೋ," ಅಂದರು ಭಾವ. ಮ್ಯಾಟಿನ ಮೇಲೆ ಮಲಗಿದಾಗ ಕಿವಿಯ ಪಕ್ಕ ಕೇಳುತ್ತಿದ್ದ ಅದೇ ಮೆತ್ತಗಿನ ದನಿ. ಲೇತುವಿನ ಬೆರಳು ಅವನನ್ನು ಕೇಳದೆಯೇ ಹೋಗಿ ಡಯಲ್ ಮೇಲೆ ಕೂತಿತು. ಎಂಟು ವರ್ಷದ ಅಭ್ಯಾಸ. ಅಲ್ಲಿ ಅದನ್ನು ಕಂಡು ಅವನಿಗೇ ಅಸಹ್ಯವಾಯಿತು. ಕೈ ಹಿಂದಕ್ಕೆ ತೆಗೆದುಕೊಂಡ.

ಪೆಟ್ಟಿಗೆ ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಡಯಲ್ ಭಾವನ ಎದುರಿಗೆ ಬರುವ ಹಾಗೆ ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿದ. ಭಾವನ ಕೈಗೆ ನಿಲುಕುವಷ್ಟು ಮುಂದಕ್ಕೆ ಸರಿಸಿದ.

"ಏನೋ ಇದು? ಬಾಯಿಬಿಟ್ಟು ಹೇಳೋ."

ಲೇತು ಬಾಗಿಲ ಕಡೆ ನಡೆದ. ಮೊಗಸಾಲೆಯಲ್ಲಿ ಕೋಚ್ ಎದುರಾದರು, ಕೈಯಲ್ಲಿ ಹೆಸರು ಬರೆಯುವ ಕಾಗದ, ಕಿವಿಯ ಮೇಲೆ ಪೆನ್ನು. "ಏನೋ ಪಕ್ಕದ್ಮನೆ, ಎಲ್ಲಿಗೆ ಹೊರಟೆ? ಡಯಲ್ ಎಷ್ಟಕ್ಕಿದ್ಯೋ?"

ಒಳಗೆ ಇನ್ನೂ ಏನೂ ಸದ್ದಿಲ್ಲ. ಟಿಕ್ಕು ಶುರುವಾದರೆ ಇಷ್ಟು ದೂರಕ್ಕೂ ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ನಿಂತರೆ ಎಣಿಸಬೇಕಾಗುತ್ತದೆ. ಲೇತು ಕೋಚ್‌ಗೆ ದಾರಿ ಬಿಟ್ಟು, ತಲೆಯೆತ್ತದೆ, ಮೆಟ್ಟಿಲಿಳಿದು ನಡೆದುಬಿಟ್ಟ.