ಅಳಿಯನ ಟಾನಿಕ್, ಅತ್ತೆಯ ಕಿವಿ

ಅತ್ತೆ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಗುಡ್ಡಗಳೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ತಿರುವಿನಲ್ಲಿ ಅವಳು ಹಾರ್ನ್ ಒತ್ತಿದರೆ ಮೂರು ಊರಿನ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಅಂಥವಳನ್ನು ನಿವೃತ್ತಿಯಾದ ಮೇಲೆ ಅಳಿಯ ಹಿಂದಿನ ಸೀಟಿನಲ್ಲಿ ಹಿಟ್ಟಿನ ಮೂಟೆಯಂತೆ ಕೂರಿಸಿದ್ದ. ಕೀ ಕೇಳಿದರೆ, "ವಯಸ್ಸಾಯ್ತು ಅತ್ತೆ, ಆರಾಮಾಗಿರಿ" ಎನ್ನುತ್ತಿದ್ದ.

ಅಳಿಯನಿಗೆ ಎರಡು ಕಾರು. ಅಪ್ಪನ ಕಾಲದ ಸಣ್ಣದಕ್ಕೆ ದುಬಾರಿ ಪೆಟ್ರೋಲ್: "ಮುದುಕ ಪಾಪ, ಟಾನಿಕ್ ಬೇಕು." ಹೊಸ ಟರ್ಬೊ ಕಾರಿಗೆ ಸಾದಾ: "ಪ್ರಾಯದ ಹುಡುಗ, ಕಲ್ಲು ತಿಂದ್ರೂ ಕರಗಿಸ್ಕೊಳ್ತಾನೆ."

ಹುಡುಗನಿಗೆ ಕರಗಲಿಲ್ಲ. ಮನೆ ಹತ್ತಿರದ ಏರು ಬಂದರೆ ಸಾಕು, ಬಾನೆಟ್ಟಿನೊಳಗೆ ಸಾವಿರ ಅಕ್ಕಸಾಲಿಗರು ಕೂತು ಬಡಿದಂತೆ ಟಕಟಕ. ಎಳೆತವಿಲ್ಲ, ಕುಡಿಯುವುದು ಮಾತ್ರ ಆನೆಯಷ್ಟು.

"ಮಾರಿಬಿಡ್ತೀನಿ. ಎಂಜಿನ್ನೇ ಸರಿಯಿಲ್ಲ," ಎಂದ ಅಳಿಯ.

"ಸ್ಪ್ಯಾನರ್ ಮುಟ್ಟದೆ ಸರಿ ಮಾಡ್ತೀನಿ," ಎಂದಳು ಅತ್ತೆ. "ಏರಿನಲ್ಲಿ ಒಂದು ಟಕ್ ಕೇಳಿದ್ರೂ ಸಾಯೋವರೆಗೂ ಹಿಂದಿನ ಸೀಟೇ ನನಗೆ ಗತಿ. ಕೇಳದಿದ್ರೆ ಕೀ ನಂದು."

"ಅಮ್ಮನ ಹತ್ರ ಪಂಥ ಕಟ್ಬೇಡೀಂದ್ರೆ," ಎಂದು ಮಗಳು ಗಂಡನನ್ನು ಎಚ್ಚರಿಸಿದಳು. ಅವನು ಕೇಳಿದರೆ ತಾನೆ?

ಟ್ಯಾಂಕ್ ಬರಿದಾಗುವ ಸೂಚನೆಯ ದೀಪ ಹತ್ತಿದ ದಿನ ಅತ್ತೆ ಸ್ಟೀರಿಂಗ್ ಹಿಡಿದು ಬಂಕಿಗೆ ಹೋದಳು. ಪಕ್ಕದಲ್ಲಿ ಅಳಿಯ. ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿ ತೋರಿಸಿದಳು: ತೊಂಬತ್ತೈದು ಆಕ್ಟೇನ್. ಸಾದಾ ಪೆಟ್ರೋಲಿನಲ್ಲಿ ಅಷ್ಟಿರುವುದಿಲ್ಲ; ದುಬಾರಿಯದನ್ನೇ ಹಾಕಿಸಿದಳು.

"ಅದ್ರಲ್ಲಿ ಶಕ್ತಿ ಜಾಸ್ತಿ ಅಲ್ವಾ? ಹುಡುಗನಿಗ್ಯಾಕೆ?"

"ಶಕ್ತಿ ಅಲ್ಲ ಅಳಿಯಂದಿರೇ, ತಾಳ್ಮೆ. ಈ ಎಂಜಿನ್ ಪೆಟ್ರೋಲನ್ನ ಬಿಗಿಯಾಗಿ ಹಿಸುಕುತ್ತೆ. ತಾಳ್ಮೆ ಇಲ್ಲದ್ದು ಒಳಗೆ ತಾನೇ ಸಿಡಿಯುತ್ತೆ, ಅದೇ ಟಕಟಕ. ಅದನ್ನ ತಪ್ಪಿಸೋಕೆ ಕಾರು ಹಿಂದೇಟು ಹಾಕುತ್ತೆ. ಎಳೆತ ಸಾಲದೆ ನೀವು ಇನ್ನೂ ತುಳೀತೀರಿ, ಅದು ಇನ್ನೂ ಕುಡಿಯುತ್ತೆ. ನೀವೂ ಹಾಗೇ, ಮಾತು ಮುಗಿಯೋ ಮೊದಲೇ ಹತ್ಕೊಳ್ತೀರಿ."

"ನಾನಾ? ನಾನ್ಯಾವಾಗ..."

"ನೋಡಿದ್ರಾ!" ಬಂಕಿನವನೂ ನಕ್ಕುಬಿಟ್ಟ.

ಏರು ಬಂತು. ಅಳಿಯ ಡ್ಯಾಶ್‌ಬೋರ್ಡಿಗೆ ಕಿವಿ ಅಂಟಿಸಿದ. ಅತ್ತೆ ತುಳಿದಳು. ಬೆಣ್ಣೆಯಿಂದ ಕೂದಲು ಎಳೆದಂತೆ ಕಾರು ಏರಿತು. ಗುಡ್ಡ ಹಳೆಯ ಪರಿಚಯದ ಮೇಲೆ ಮತ್ತೆ ಪಕ್ಕಕ್ಕೆ ಸರಿಯಿತು. ಕೇಳಿಸಿದ್ದು ಒಂದೇ ಸದ್ದು: ಅಳಿಯ ಉಗುಳು ನುಂಗಿದ್ದು.

"ಹಾಗಾದ್ರೆ ಮುದುಕನ ಟಾನಿಕ್ಕು?"

"ದಂಡ. ಅವನ ಹಿಸುಕು ಮೆತ್ತಗೆ, ಸಾದಾನೇ ಸಾಕು. ವ್ಯತ್ಯಾಸಾನೇ ಗೊತ್ತಾಗಲ್ಲ ಅವನಿಗೆ."

ಮನೆ ಮುಂದೆ ಇಳಿದ ಅಳಿಯ ಅಭ್ಯಾಸಬಲದಿಂದ ಕೈ ಚಾಚಿದ. ಅತ್ತೆ ಕೀಯನ್ನು ಜೇಬಿಗಿಳಿಸಿದಳು.

"ನಾಳೆ ಆಫೀಸಿಗೆ ನಾನೇ ಬಿಡ್ತೀನಿ. ಹಿಂದಿನ ಸೀಟು ಆರಾಮಾಗಿದೆ ಅಳಿಯಂದಿರೇ. ಬೇಕಾದ್ರೆ ನನ್ನ ದಿಂಬೂ ಅಲ್ಲೇ ಇದೆ."