ಒಳಗಿವಿಯ ಮನೆತನ

ಫೈಲಮ್ಮನಿಗೆ ಮನುಷ್ಯರ ಮೇಲೆ ಗೌರವ ಇರಲಿಲ್ಲ. ಕೈ ಕುಲುಕುತ್ತ ‘ನಿಮ್ಮನ್ನು ನೋಡಿ ತುಂಬ ಸಂತೋಷವಾಯಿತು’ ಎನ್ನುವವರ ಒಳಗಿನಿಂದ ‘ಈ ಗೂಬೆ ಇಲ್ಲಿಗೂ ಬಂತಾ’ ಎಂಬ ಮಾತನ್ನು ಹಾಲುಹಲ್ಲಿನ ಕಾಲದಿಂದ ಕೇಳಿಕೊಂಡು ಬೆಳೆದವಳಿಗೆ ಗೌರವ ಎಲ್ಲಿಂದ ಬರಬೇಕು? ಅವಳದು ಒಳಗಿವಿಯ ಮನೆತನ. ಎದುರಿಗಿದ್ದವರ ಮನಸ್ಸು ಅವಳಿಗೆ ಪಕ್ಕದ ಕೋಣೆಯ ರೇಡಿಯೋದಂತೆ ಕೇಳಿಸುತ್ತಿತ್ತು. ಅಜ್ಜನಿಗೂ ಹಾಗೆ, ಅಪ್ಪನಿಗೂ ಹಾಗೆ. ಆ ನಾಡಿನ ಮಹಾಸಭೆಯ ಅಧ್ಯಕ್ಷಪೀಠ ಒಳಗಿವಿ ಇದ್ದವರಿಗೇ ಸಲ್ಲಬೇಕೆಂಬುದು ಹಳೆಯ ಕಾನೂನು. ಮೇಲೆ ಕೂತವನಿಗೆ ಮನಸ್ಸು ಕೇಳಿಸಿದರೆ ಕೆಳಗೆ ಕೂತವರು ಸುಳ್ಳು ಹೇಳಲಾರರು ಎಂದು ಅದನ್ನು ಬರೆದವರು ನಂಬಿದ್ದರು. ಪಾಪ, ಅವರಿಗೆ ಮಂತ್ರಿಗಳ ಪರಿಚಯ ಇರಲಿಲ್ಲ.

ಮಂತ್ರಿಗಳು ತಂತಿಬಲೆಯ ಟೋಪಿ ಹೊಲಿಸಿಕೊಂಡರು. ಅದು ತಲೆಯ ಮೇಲಿದ್ದರೆ ಒಳಗಿನದು ಹೊರಗೆ ಕೇಳಿಸುವುದಿಲ್ಲ. ಮೊದಮೊದಲು ನೆಗಡಿ, ಬೋಳುತಲೆ ಎಂದು ನೆಪ ಹೇಳುತ್ತಿದ್ದವರು ಆಮೇಲೆ ಆ ನೆಪವನ್ನೂ ಬಿಟ್ಟರು. ಟೋಪಿ ಹಾಕುವುದು ಅವರಿಗೆ ಹೊಸ ವಿದ್ಯೆಯೇನಲ್ಲ, ತಮ್ಮ ತಲೆಗೇ ಹಾಕಿಕೊಂಡದ್ದಷ್ಟೇ ಹೊಸದು. ಲಿಫ್ಟಿನಲ್ಲಿ ಅವರು ಟೋಪಿ ಎತ್ತಿ ತಲೆ ಕೆರೆದುಕೊಳ್ಳುವ ಗಳಿಗೆಯಲ್ಲಿ ಫೈಲಮ್ಮ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಬಚ್ಚಿಡುವಂಥದ್ದು ಏನೂ ಇರುತ್ತಿರಲಿಲ್ಲ. ಮೂಲವ್ಯಾಧಿ, ಭಾವಮೈದುನನ ಗುತ್ತಿಗೆ, ಊಟಕ್ಕಿನ್ನೆಷ್ಟು ಹೊತ್ತು.

ಕಾನೂನಿಗೆ ಇನ್ನೊಂದು ಕೊಕ್ಕೆ ಇತ್ತು. ಒಂದು ತಲೆಮಾರಿಗೆ ಒಂದೇ ಒಳಗಿವಿ. ಉಳಿದ ಮಕ್ಕಳಲ್ಲಿ ಅದು ಕಂಡರೆ ಆ ಕಿವಿಯನ್ನು ಮುಚ್ಚಿಸುವ ಮುಚ್ಚುಮದ್ದಿನ ಸೂಜಿ ಚುಚ್ಚಿಸಬೇಕು. ಅಪ್ಪನ ತಂಗಿಗೆ ಹಾಗೆ ಚುಚ್ಚಿಸಿದ್ದರು. ಸೋದರತ್ತೆ ಆಮೇಲೆ ಬದುಕಿದ್ದಷ್ಟು ಕಾಲ ಕಿಟಕಿಯ ಪಕ್ಕ ಕೂತು ರವಿಕೆಯ ಗುಂಡಿ ಹಾಕುವುದು, ಬಿಚ್ಚುವುದು, ಇಷ್ಟೇ ಮಾಡಿದಳು.

ಅಪ್ಪ ಮಾಡಿದ ಎಡವಟ್ಟು ಏನೆಂದರೆ, ಹಿರಿಮಗ ತೊಟ್ಟಿಲಲ್ಲಿ ಇರುವಾಗಲೇ ‘ಇವನೇ ನನ್ನ ಮುಂದಿನ ಒಳಗಿವಿ’ ಎಂದು ಸಭೆಯಲ್ಲಿ ಸಾರಿಬಿಟ್ಟಿದ್ದ. ಹುಡುಗ ದೊಡ್ಡವನಾದ. ಅವನಿಗೆ ಹೊರಗಿನ ಮಾತೇ ಸರಿಯಾಗಿ ತಲೆಗೆ ಹೋಗುತ್ತಿರಲಿಲ್ಲ, ಒಳಗಿನದು ದೂರವೇ ಉಳಿಯಿತು. ಕೇಳಿಸಿದ್ದು ತಂಗಿಗೆ. ಆಡಿದ ಮಾತು ನುಂಗುವುದಕ್ಕಿಂತ ಮಗಳನ್ನು ನುಂಗುವುದು ಅಪ್ಪನಿಗೆ ಸುಲಭವಾಯಿತು. ಅವಳಿಗೆ ಏನೂ ಕೇಳಿಸುವುದಿಲ್ಲ ಎಂದು ಬರೆಸಿ, ಕೈಗೆ ಫೈಲು ಕೊಟ್ಟು, ಅಣ್ಣನ ಕುರ್ಚಿಯ ಹಿಂದೆ ಕೂರಿಸಿದ. ಒಳಗಿವಿಯವರು ತಮ್ಮ ರಕ್ತದವರ ಮನಸ್ಸಿಗೆ ಮಾತು ತಳ್ಳಬಲ್ಲರು. ಟೋಪಿ ಇಲ್ಲದೆ ಅರ್ಜಿ ಹಿಡಿದು ಬಂದವರ ಮನಸ್ಸನ್ನು ಅವಳು ಕೇಳಿಸಿಕೊಂಡು ತಳ್ಳುತ್ತಿದ್ದಳು, ಅಣ್ಣ ಕಣ್ಣು ಅರೆಮುಚ್ಚಿ ಅದನ್ನು ಒದರುತ್ತಿದ್ದ. ಕಚೇರಿಯ ಜವಾನರು ಅವಳಿಗೆ ಫೈಲಮ್ಮ ಎಂದು ಹೆಸರಿಟ್ಟರು. ಅಣ್ಣನಿಗೆ ಬಂದ ಹೆಸರು ಬೇರೆ ಥರದ್ದು, ಪತ್ರಿಕೆಗಳು ಅವನನ್ನು ‘ನಾಡಿನ ಅಂತಃಕರಣ’ ಎಂದು ಕರೆದವು. ಆ ಅಂತಃಕರಣದ ಒಳಗೆ ಏನಿದೆ ಎಂದು ಅವಳಿಗೊಬ್ಬಳಿಗೆ ಗೊತ್ತಿತ್ತು. ಹೊಸ ಬೂಟು, ಹೊಸ ಕಾರು, ಟೈಪು ಮಾಡುವ ಹುಡುಗಿಯ ಕುತ್ತಿಗೆ.

ಅಪ್ಪ ತೀರಿಕೊಂಡ. ಪೀಠಕ್ಕೆ ಅಣ್ಣನ ಸರದಿ ಬಂತು. ಅದಕ್ಕೆ ಮುನ್ನ ತುಂಬಿದ ಸಭೆಯಲ್ಲಿ ಒಂದು ಪರೀಕ್ಷೆ. ಮೂವರು ಸದಸ್ಯರು ಟೋಪಿ ತೆಗೆದು ಎದುರು ನಿಲ್ಲುತ್ತಾರೆ, ಅವರ ಮನಸ್ಸಿನಲ್ಲಿರುವುದನ್ನು ಇವನು ಹೇಳಬೇಕು, ಅವರು ಹೌದು ಎನ್ನಬೇಕು.

ಹಿಂದಿನ ದಿನ ಮಧ್ಯಾಹ್ನ ಊಟದ ಮೇಜಿಗೆ ಸೋದರಮಾವ ಬಂದ. ಮನೆಯ ರಾಜಕೀಯವೆಲ್ಲ ಅವನದೇ ಅಡುಗೆ. ತಾಯಿ ಇಲ್ಲದ ಮಕ್ಕಳಿಗೆ ತಾಯಿಯ ಹಾಗಿದ್ದೇನೆ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಆ ತಾಯಿ ಊಟಕ್ಕೆ ಕೂತಾಗಲೂ ಟೋಪಿ ತೆಗೆಯುತ್ತಿರಲಿಲ್ಲ.

“ಬಿಸಿಲಿಗೆ ತಲೆ ಸಿಡೀತಿದೆ ಕಣಮ್ಮಾ,” ಎಂದ ಅವಳ ನೋಟ ಕಂಡು.

“ಮನೆ ಒಳಗೆ ಬಿಸಿಲೆಲ್ಲಿದೆ ಮಾವ?”

ಮಾವ ನಕ್ಕು ಸಾರಿನ ಬಟ್ಟಲು ಎಳೆದುಕೊಂಡ. ಅವನ ತಲೆ ಮುಚ್ಚಿದ ಪೆಟ್ಟಿಗೆ. ಅಣ್ಣನದು ಹಾಗಲ್ಲ, ಅವನು ಟೋಪಿ ಹಾಕಿಕೊಂಡರೆ ಅವಳು ತಳ್ಳಿದ್ದು ಒಳಗೆ ಹೋಗುವುದಿಲ್ಲ. ಹಾಗಾಗಿ ಬಾಗಿಲಿಲ್ಲದ ಮನೆಯಂತಿದ್ದ ಆ ತಲೆಯೊಳಗಿನದೆಲ್ಲ ಅವಳಿಗೆ ಕೇಳಿಸಿತು. ನಾಳೆ ಪ್ರಮಾಣ ಮುಗಿದೊಡನೆ ಪಕ್ಕದ ಬಾಗಿಲು. ಅಲ್ಲಿ ಡಾಕ್ಟರು. ಸೂಜಿ. ಪೀಠ ತಾನು ಸಾಯುವ ತನಕ ತನ್ನದೇ, ಇನ್ನೊಂದು ಪರೀಕ್ಷೆ ಇಲ್ಲ. ಗುಟ್ಟು ಗೊತ್ತಿರುವವರು ಯಾಕಿರಬೇಕು ಎಂದು ಮಾವ ಕೇಳಿದ್ದ, ಇವನಿಗೂ ಹೌದಲ್ಲ ಅನ್ನಿಸಿತ್ತು. ಅವಳನ್ನು ಸುಟ್ಟದ್ದು ಸೂಜಿಯ ಸುದ್ದಿಯಲ್ಲ. ಅಣ್ಣನ ಒಳಗೆ ದ್ವೇಷ ಇರಲಿಲ್ಲ, ಅಳುಕೂ ಇರಲಿಲ್ಲ. ಕಾಲು ಕಚ್ಚುವ ಬೂಟು ಬಿಚ್ಚಿಡುವಾಗಿನ ನಿರಾಳ ಇತ್ತು, ಅಷ್ಟೇ.

“ಅಣ್ಣ, ನಾಳೆ ಆದ್ಮೇಲೆ ನನಗೇನು ಕೆಲ್ಸ?” ಎಂದು ಕೇಳಿದಳು.

“ನಿಂಗೇನಮ್ಮಾ, ಆರಾಮಾಗಿರು. ಇಷ್ಟು ವರ್ಷ ದುಡಿದಿದ್ದೀಯ,” ಎಂದ. ಮತ್ತೆ ಅನ್ನಕ್ಕೆ ಕೈ ಹಾಕಿದ.

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅತ್ತಿಗೆ ಅಲ್ಲಿ ಪಾತ್ರೆ ಒರೆಸುತ್ತಿದ್ದಳು. ಅತ್ತಿಗೆಯನ್ನು ಫೈಲಮ್ಮ ಲೆಕ್ಕಕ್ಕೇ ಇಟ್ಟಿರಲಿಲ್ಲ. ಯಾವಾಗ ಕಿವಿಗೊಟ್ಟರೂ ಆ ತಲೆಯಲ್ಲಿ ಸ್ವೆಟರಿನ ಹೆಣಿಗೆ ಎಣಿಸುವ ಸದ್ದು. ಎರಡು ಮೇಲೆ, ಒಂದು ಕೆಳಗೆ. ಉಣ್ಣೆ ತುಂಬಿದ ತಲೆ ಎಂದು ತೀರ್ಮಾನಿಸಿ, ಎಂದೋ ಕೇಳುವುದನ್ನೇ ಬಿಟ್ಟಿದ್ದಳು.

ಅತ್ತಿಗೆ ನಲ್ಲಿಯನ್ನು ಜೋರಾಗಿ ಬಿಟ್ಟಳು. “ನಾಳೆ ಸಭೆಗೆ ಹೋಗ್ಬೇಡ,” ಎಂದಳು. “ಡಾಕ್ಟರನ್ನ ಗೊತ್ತು ಮಾಡಿದ್ದಾರೆ.”

ಫೈಲಮ್ಮ ತಟ್ಟೆ ಹಿಡಿದುಕೊಂಡೇ ನಿಂತಳು. “ನಿಮಗೆ ಗೊತ್ತಾ? ನನಗೆ ಕೇಳಿಸಲೇ ಇಲ್ಲ.”

“ಕೇಳಿಸಬಾರದು ಅಂತ್ಲೇ ಎಣಿಸ್ತಿದ್ದೆ. ಮದುವೆಯಾಗಿ ಬಂದ ವಾರಕ್ಕೇ ಗೊತ್ತಾಯ್ತು ನಂಗೆ, ಈ ಮನೇಲಿ ಯಾರಿಗೆ ಕೇಳ್ಸುತ್ತೆ, ಯಾರಿಗಿಲ್ಲ ಅಂತ. ನನ್ನ ತಲೆ ನನ್ನದಾಗಿ ಇರ್ಲಿ ಅಂತ ಎಣಿಸೋಕೆ ಶುರು ಮಾಡಿದೆ.”

“ಮೊದಲೇ ಹೇಳಬಹುದಿತ್ತಲ್ಲ.”

“ನೀನು ಯಾವತ್ತಾದ್ರೂ ನನ್ನ ಹತ್ರ ಮಾತಾಡಿದ್ದೀಯೇನೆ?” ಅತ್ತಿಗೆ ಬಟ್ಟೆ ಹಿಂಡಿ ಕಂಬಿಗೆ ಹಾಕಿದಳು. “ಕದ್ದು ಕೇಳ್ದೆ, ಸಾಕಾಯ್ತು, ಬಿಟ್ಟೆ. ಈಗ ಹೇಳ್ತಿದ್ದೀನಲ್ಲ, ಬೆಳಗ್ಗೆ ಮೊದಲ ರೈಲಿಗೆ ಹೋಗಿಬಿಡು.”

“ಹೋಗಲ್ಲ. ಸಭೆಗೇ ಬರ್ತೀನಿ. ಒಂದು ಮಾತೂ ತಳ್ಳಲ್ಲ. ಅಷ್ಟು ಜನರ ಎದುರು ಬಾಯಿ ಬಾಯಿ ಬಿಡ್ತಾನಲ್ಲ, ಅದನ್ನ ನೋಡ್ಬೇಕು ನಾನು.”

ಅತ್ತಿಗೆ ಅವಳ ಮುಖ ನೋಡಿದಳು. “ಅವರೆಲ್ಲ ಎಂಥ ಜನ ಅಂತ ನಿನಗೇ ಚೆನ್ನಾಗಿ ಗೊತ್ತು. ಆದ್ರೂ ಅವರು ನ್ಯಾಯ ಮಾಡ್ತಾರೆ ಅಂದ್ಕೊಂಡಿದ್ದೀಯ,” ಎಂದಳು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಮೇಜುಗಳ ಮೇಲೆ ನೀರಿನ ಹೂಜಿ, ಮೈಕು, ಹೊಸದಾಗಿ ಒಗೆಸಿದ ಹಸಿರು ಹೊದಿಕೆ. ಅಣ್ಣ ಕಪ್ಪು ಕೋಟಿನಲ್ಲಿ ಕೂತಿದ್ದ, ಅವನ ಬೆನ್ನ ಹಿಂದೆ ಫೈಲು ತಬ್ಬಿಕೊಂಡು ಅವಳು. ಪಕ್ಕದ ಬಾಗಿಲ ಬಳಿ ಮಾವ, ಅವನ ಪಕ್ಕ ಸಣ್ಣ ಚರ್ಮದ ಚೀಲ ಹಿಡಿದ ಡಾಕ್ಟರು.

ಮೊದಲ ಹೆಸರು ಬಂದರು ಖಾತೆಯ ಮಂತ್ರಿಯದು. ದಢೂತಿ ಮನುಷ್ಯ ಎದ್ದು ಟೋಪಿ ತೆಗೆದ. ಹಡಗು ನಿಲ್ಲುವ ಹೊಸ ಜೆಟ್ಟಿಗೆ ಹಾಕಿದ ಸಿಮೆಂಟಿನಲ್ಲಿ ಅರ್ಧ ಮರಳು, ಅದು ಇವನಿಗೆ ಕೇಳಿಸಿಬಿಟ್ಟರೆ ನನ್ನ ಗತಿಯೇನು ಎಂದು ಅವನ ತಲೆ ನಾಯಿಯಂತೆ ಕುಂಯ್‌ಗುಡುತ್ತಿತ್ತು. ಫೈಲಮ್ಮ ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂತಳು.

ಅಣ್ಣ ಕಾದ. ಕತ್ತು ಒಂದಿಷ್ಟು ಹಿಂದಕ್ಕೆ ವಾಲಿಸಿದ. ‘ಹೇಳೇ, ಹೇಳೇ’ ಎಂದು ಅವನ ಮನಸ್ಸು ಚಡಪಡಿಸಿತು. ಕಾಲರಿನ ಮೇಲೆ ಬೆವರು ಇಳಿಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಹುಟ್ಟಿದಂದಿನಿಂದ ಅಷ್ಟು ಹಿತವಾದ ಮೌನವನ್ನು ಅವಳು ಅನುಭವಿಸಿರಲಿಲ್ಲ.

ಕೊನೆಗೆ ಅಣ್ಣ ಬಾಯಿ ತೆರೆದ. ಹೇಳಲು ಏನೂ ಇಲ್ಲದವನು ಪತ್ರಿಕೆಗಳು ತನ್ನ ಬಗ್ಗೆ ಬರೆದದ್ದನ್ನೇ ನೆನಪಿಸಿಕೊಂಡ.

“ಇವರ ಮನಸ್ಸಿನಲ್ಲಿ ಒಂದು ಭಯವಿದೆ,” ಎಂದ. “ತಮ್ಮ ಬಗ್ಗೆ ಅಲ್ಲ. ಈ ನಾಡಿನ ಮಕ್ಕಳಿಗೆ ಮುಂದೇನು ಎಂಬ ಭಯ. ರಾತ್ರಿ ಇವರಿಗೆ ನಿದ್ದೆ ಬರುವುದಿಲ್ಲ.”

ಬಂದರು ಮಂತ್ರಿ ದಂಗಾಗಿ ನಿಂತ. ಆಮೇಲೆ ಅವನ ಒಳಗೆ ಒಂದು ಬೆಳಕು ಹೊತ್ತಿಕೊಂಡದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ‘ಅಯ್ಯೋ ದೇವರೇ, ಇವನಿಗೆ ಏನೂ ಕೇಳಿಸುವುದೇ ಇಲ್ಲ.’ ಅವನ ಕಣ್ಣಲ್ಲಿ ನೀರು ತುಂಬಿತು, ನಿಜವಾದ ನೀರು. “ಹೌದು,” ಎಂದ. “ಅಕ್ಷರಶಃ ನಿಜ.”

ಎರಡನೆಯವನಿಗೆ ಅಣ್ಣ ರೈತರ ಚಿಂತೆ ಹಂಚಿದ. ಅವನೂ ಹೌದೆಂದು ಮೂಗು ಒರೆಸಿಕೊಂಡ. ಮೂರನೆಯವಳು ವಿರೋಧ ಪಕ್ಷದ ಮುದುಕಿ. ಈ ಮನೆತನವನ್ನು ಬೀಳಿಸಲು ಇಡೀ ಬದುಕು ಹೊಂಚು ಹಾಕಿದವಳು. ಇಲ್ಲ ಎಂಬ ಒಂದೇ ಮಾತು ಸಾಕಿತ್ತು.

“ತಾಯಿ, ನಿಮ್ಮೊಳಗೆ ಕ್ಷಮೆ ತುಂಬಿದೆ,” ಎಂದ ಅಣ್ಣ.

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ‘ಇವನನ್ನು ಇಳಿಸಿದರೆ ಕೇಳಿಸುವ ಇನ್ನೊಬ್ಬನನ್ನು ತಂದು ಕೂರಿಸುತ್ತಾರೆ. ಇಂಥ ಕಿವುಡ ಪುಣ್ಯ ಮಾಡಿದರೂ ಸಿಗುವುದಿಲ್ಲ,’ ಎಂದುಕೊಂಡಳು. ಬಾಯಲ್ಲಿ, “ಮನಸ್ಸು ಓದಿಬಿಟ್ಟೆಯಪ್ಪಾ,” ಎಂದಳು.

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಿಂದ ಹಿಂದಿನ ಸಾಲಿನ ತನಕ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಇನ್ನು ಅದರ ಅಗತ್ಯ ಇರಲಿಲ್ಲ. ಅಷ್ಟೂ ತಲೆಗಳ ಕೊಳಚೆ ಒಂದೇ ಸಲಕ್ಕೆ ಅವಳ ಮೇಲೆ ಸುರಿಯಿತು, ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಇವರನ್ನು ಬಿಡಿಸಿ ಬಿಡಿಸಿ ಓದಿದ್ದಳಲ್ಲ, ಇವರಿಗೆ ಬೇಕಾದವನು ಕಿವುಡನೇ ಎಂಬ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಆ ಕ್ಷಣಕ್ಕೆ ತನ್ನ ಮೇಲೂ ಅವಳಿಗೆ ಅಷ್ಟೇ ತಾತ್ಸಾರ ಹುಟ್ಟಿತು.

ಮೊಣಕೈಗೆ ಮಾವನ ಹಿಡಿತ ಬಿತ್ತು. “ಬಾರಮ್ಮಾ, ಸುಸ್ತಾಗಿದ್ದೀಯ,” ಎನ್ನುತ್ತ ಪಕ್ಕದ ಬಾಗಿಲಿನಿಂದ ಕಾರಿಡಾರಿಗೆ ಕರೆದೊಯ್ದ. ಡಾಕ್ಟರು ಚೀಲದ ಜಿಪ್ಪು ಎಳೆದ. ಕಾರಿಡಾರಿನ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದಳು. ಎದ್ದು ಬಂದು ಡಾಕ್ಟರಿಗೂ ಫೈಲಮ್ಮನಿಗೂ ನಡುವೆ ನಿಂತಳು.

“ಡಾಕ್ಟ್ರೇ, ಚೀಲ ಮುಚ್ಚಿ. ಮನೆಗೆ ಹೋಗಿ.”

“ನೀನ್ಯಾರೇ ಹೇಳೋಕೆ?” ಎಂದ ಮಾವ.

“ಅಧ್ಯಕ್ಷರ ಹೆಂಡತಿ. ಈಗಷ್ಟೇ ಆದೆ.” ಅವಳು ದನಿ ಎತ್ತಲಿಲ್ಲ. “ಆ ಬಾಗಿಲು ತೆಗೆದು, ನನ್ನ ಗಂಡನಿಗೆ ಏನೂ ಕೇಳಿಸಲ್ಲ ಅಂತ ಬಾಯಿಬಿಟ್ಟು ಹೇಳಲಾ ಮಾವ? ಎಲ್ಲರಿಗೂ ಗೊತ್ತಿರೋದು ಬೇರೆ, ಒಬ್ಬರು ಹೇಳೋದು ಬೇರೆ. ಹೇಳಿದ್ರೆ ಅವರೆಲ್ಲ ಕೇಳಿಸ್ಕೊಳ್ಳಲೇ ಬೇಕಾಗುತ್ತೆ.”

ಮಾವ ಬಾಗಿಲನ್ನು ನೋಡಿದ, ಅವಳನ್ನು ನೋಡಿದ. ಡಾಕ್ಟರು ಯಾರ ಅಪ್ಪಣೆಗೂ ಕಾಯದೆ ಜಿಪ್ಪು ಎಳೆದುಕೊಂಡು ಕಾರಿಡಾರಿನ ತುದಿಗೆ ನಡೆದುಬಿಟ್ಟಿದ್ದ.

ಅತ್ತಿಗೆ ಅವಳನ್ನು ಹಿಂಬಾಗಿಲಿನಿಂದ ರಸ್ತೆಗೆ ತಂದು ಬಿಟ್ಟಳು. “ನೀವೂ ಬನ್ನಿ,” ಎಂದಳು ಫೈಲಮ್ಮ. ಯಾರನ್ನಾದರೂ ಅವಳು ಕರೆದದ್ದು ಅದೇ ಮೊದಲು.

“ನಾನು ಬಂದ್ರೆ ನಿನ್ನ ಹಿಂದೆ ಆಳು ಕಳಿಸ್ತಾನೆ ಮಾವ. ನಾನು ಮನೇಲಿದ್ರೆ, ಎಲ್ಲಿ ಬಾಯಿ ಬಿಡ್ತಾಳೋ ಅಂತ ಹೆದರಿ ಕಳಿಸಲ್ಲ,” ಎಂದು ಅತ್ತಿಗೆ ಒಳಗೆ ಹೋದಳು. ಅವಳ ತಲೆಯೊಳಗೆ ಏನಿತ್ತೋ, ಫೈಲಮ್ಮ ಕೇಳಲು ಹೋಗಲಿಲ್ಲ.

ಅಣ್ಣ ಇವತ್ತಿಗೂ ಪೀಠದಲ್ಲಿದ್ದಾನೆ. ಬಂದರಿನ ಜೆಟ್ಟಿ ಕುಸಿದಾಗ ಅಲ್ಲಿಗೆ ಹೋಗಿ, ಬಂದರು ಮಂತ್ರಿಯ ಮನಸ್ಸು ಸ್ಫಟಿಕದಂತಿದೆ ಎಂದು ಪ್ರಮಾಣೀಕರಿಸಿ ಬಂದ. ಮಾವನನ್ನು ಅತ್ತಿಗೆ ಯಾವುದೋ ದ್ವೀಪಕ್ಕೆ ರಾಯಭಾರಿ ಮಾಡಿಸಿ ಸಾಗಹಾಕಿದಳು. ಫೈಲಮ್ಮ ದೂರದ ಊರೊಂದರ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅಲ್ಲಿನ ಹೆಂಗಸರ ತಲೆಯಲ್ಲೂ ಅದೇ ಹೊಟ್ಟೆಕಿಚ್ಚು, ಅದೇ ಸಣ್ಣತನ, ಪೀಠ ಕೊಟ್ಟರೆ ಅವರೂ ಅಷ್ಟೇ ಎಂದು ಅವಳಿಗೆ ಅನುಮಾನವಿಲ್ಲ. ಆದರೂ ಊಟದ ಹೊತ್ತಿನಲ್ಲಿ ಅವರು ಮಾತಾಡುವಾಗ ಒಳಗಿನದನ್ನು ಬದಿಗಿಟ್ಟು ಬಾಯಿಂದ ಬಂದದ್ದನ್ನಷ್ಟೇ ಕೇಳುವುದನ್ನು ಕಲಿಯುತ್ತಿದ್ದಾಳೆ. ಬಹಳ ಕಷ್ಟದ ಕೆಲಸ, ಅರ್ಧದಷ್ಟು ದಿನ ಕೈಲಾಗುವುದಿಲ್ಲ.